ಕೊನೆಯ ಎಲೆಯಿಂದ ಬಡಿಸುವ ಚಟ

ನನಗೊಂದು ಚಟವಿದೆ. ಊಟದ ಪಂಕ್ತಿಯಲ್ಲಿ ಬಡಿಸಲು ನಿಂತರೆ ಕೊನೆಯ ಎಲೆಯಿಂದ ಶುರು ಮಾಡುತ್ತೇನೆ. ಉಳಿದವರೆಲ್ಲ ಮೊದಲ ಎಲೆಯಿಂದ ಕೋಸಂಬರಿ, ಪಲ್ಯ ಅಂತ ಶಿಸ್ತಾಗಿ ಬರುತ್ತಿದ್ದರೆ ನಾನು ಒಬ್ಬಟ್ಟಿನ ತಟ್ಟೆ ಹಿಡಿದು ಆ ತುದಿಯಿಂದ ಎದುರು ಬರುತ್ತೇನೆ. ನಡುವೆ ಎಲ್ಲೋ ಒಂದು ಕಡೆ ಡಿಕ್ಕಿ ಖಂಡಿತ. ಮೊನ್ನೆ ಒಂದು ಗೃಹಪ್ರವೇಶದಲ್ಲಿ ಸಾರಿನ ಬಕೆಟ್ಟಿನವನಿಗೂ ನನಗೂ ಡಿಕ್ಕಿಯಾಗಿ, ಮಧ್ಯೆ ಕೂತಿದ್ದ ನಿವೃತ್ತ ಹೆಡ್‌ಮಾಸ್ತರರ ಪಂಚೆಗೆ ಸಾರಿನ ಅಭಿಷೇಕವಾಯಿತು. "ಇವಳನ್ನ ಪಂಕ್ತಿಗೆ ಬಿಡ್ಬೇಡ್ರೀ, ಒನ್ ವೇನಲ್ಲಿ ಎದುರು ಬರ್ತಾಳೆ" ಎಂದು ನನ್ನ ಯಜಮಾನರು ಎಲ್ಲರ ಮುಂದೆ ಕೈಮುಗಿದರು.

ಅವರು ನಗಲಿ. ಕೊನೆಯ ಎಲೆಯಲ್ಲಿ ಕೂತವರ ಮುಖವನ್ನು ನೀವು ನೋಡಬೇಕು. ಅಲ್ಲಿಗೆ ಒಬ್ಬಟ್ಟು ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ, ತುಪ್ಪದ ಗಿಂಡಿಯ ತಳ ಕಾಣುತ್ತಿರುತ್ತದೆ. ನನ್ನನ್ನು ಕಂಡರೆ ಅವರಿಗೆ ಮೊದಲು ಅನುಮಾನ, ಆಮೇಲೆ ಖುಷಿ.

ಈ ಚಟ ನಮ್ಮ ಮನೆತನದಿಂದ ಬಂದದ್ದಲ್ಲ. ಕಂಪ್ಯೂಟರಿನಿಂದ ಬಂದದ್ದು. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಇಂದಿರಾನಗರದ ಒಂದು ಪುಟ್ಟ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕಂಪನಿ ಅಂದರೆ ಏನು, ಯಾರೋ ಬಾಡಿಗೆಗೆ ಕೊಟ್ಟ ಬಂಗಲೆ. ಹಿಂದಿನವರ ಊಟದ ಕೋಣೆಯಲ್ಲಿ ನಮ್ಮ ಕಂಪ್ಯೂಟರುಗಳು, ಅಡುಗೆಮನೆಯಲ್ಲಿ ಪ್ರಿಂಟರು. ಅಲ್ಲಿ ತಮ್ಮದೇ ಒಂದು ಪ್ರೋಗ್ರಾಮಿಂಗ್ ಭಾಷೆ ಮಾಡಿದ್ದರು. ಆ ಭಾಷೆಗೆ ಹೆಸರೂ ಇತ್ತು. ಕಂಪನಿ ಮುಚ್ಚಿದಾಗ ಅದರ ಜೊತೆಗೇ ಹೋಯಿತು. ಆ ಭಾಷೆಯನ್ನು ಮಾಡುವಷ್ಟು ಬುದ್ಧಿ ನನಗಿರಲಿಲ್ಲ. ಅದನ್ನು ಬಳಸುವವರಿಗೆ ಕೈಪಿಡಿ ಬರೆಯುವುದು ನನ್ನ ಕೆಲಸ. ಕೃಷ್ಣರಾಜಪುರದಾಚೆಯ ಹಳ್ಳಿಯಿಂದ, ಹಳೇ ಮದರಾಸು ರಸ್ತೆಯ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಬರುತ್ತಿದ್ದ ನಾನು ಇಂಗ್ಲಿಷಿನಲ್ಲಿ ಪುಸ್ತಕ ಬರೆಯುತ್ತೇನೆ ಅಂದರೆ ನಮ್ಮೂರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ನನ್ನ ಇಂಗ್ಲಿಷು ನೋಡಿದವರು ಈಗಲೂ ನಂಬುವುದಿಲ್ಲ.

ನಮ್ಮ ಸಾಹೇಬರು ಆಂಟನಿ ಸರ್. ಶಿವಾಜಿನಗರದಲ್ಲೇ ಹುಟ್ಟಿ ಬೆಳೆದವರು, ನಾಲ್ಕು ಭಾಷೆಗಳನ್ನು ಒಂದೇ ವಾಕ್ಯದಲ್ಲಿ ಆಡುವವರು. ಅವರದು ಒಂದೇ ಕಟ್ಟಳೆ: "ಎಕ್ಸಾಂಪಲ್ ಸುಳ್ಳು ಹೇಳ್ಬಾರ್ದು ಮಾ. ನೀನು ಓಡಿಸಿ ನೋಡಿದ್ರೆ ಮಾತ್ರ ಬುಕ್ಕಲ್ಲಿ ಹಾಕು." ಹೀಗಾಗಿ ಪುಸ್ತಕದ ಒಂದೊಂದು ಉದಾಹರಣೆಯನ್ನೂ ನಾನೇ ಕಂಪ್ಯೂಟರಿಗೆ ಬರೆದು, ಅದು ಏನು ಉತ್ತರ ಕೊಡುತ್ತದೋ ನೋಡಿ, ಆಮೇಲೆ ಪುಸ್ತಕಕ್ಕೆ ಇಳಿಸಬೇಕು.

ಮೊದಲ ಅಧ್ಯಾಯಗಳು ಹೇಗೋ ಮುಗಿದವು. ಆರನೆಯದು ಪಟ್ಟಿಗಳ ಅಧ್ಯಾಯ. ಅಯ್ಯೋ, ಆ ಅಧ್ಯಾಯ! ಅಲ್ಲಿಯವರೆಗೆ ಸಂಬಳಕ್ಕಾಗಿ ಬರೆಯುತ್ತಿದ್ದವಳು ಅವತ್ತಿನಿಂದ ಹುಚ್ಚು ಹಿಡಿದವಳಂತೆ ಬರೆದೆ. ಪಟ್ಟಿ ಅಂದರೆ ಸಾಲಾಗಿ ನಿಂತ ಹೆಸರುಗಳು, ಅಷ್ಟೇ. ಆದರೆ ಆ ಸಾಲಿಗೆ ಏನೆಲ್ಲ ಮಾಡಬಹುದು! ಕೊನೆಗೆ ಒಂದನ್ನು ಸೇರಿಸಬಹುದು. ನಡುವೆ ತೂರಿಸಬಹುದು, ಬೇಡವಾದದ್ದನ್ನು ತೆಗೆಯಬಹುದು. ಇಡೀ ಸಾಲನ್ನು ಹಿಂದುಮುಂದು ಮಾಡಬಹುದು, ಅಕಾರಾದಿಯಲ್ಲಿ ನಿಲ್ಲಿಸಬಹುದು, ಮಧ್ಯದಿಂದ ಒಂದು ತುಂಡು ಕತ್ತರಿಸಿಕೊಳ್ಳಬಹುದು. ಬಸ್ಸಿನಲ್ಲಿ ನಿಂತಾಗಲೂ ಇದೇ ಯೋಚನೆ. ಕಂಡಕ್ಟರು "ಮುಂದೆ ನಡೀರಿ, ಮುಂದೆ ನಡೀರಿ" ಎಂದು ಕೂಗಿದರೆ ಆಹಾ, ಇದಕ್ಕೂ ಒಂದು ಆಜ್ಞೆ ಇರಬೇಕಿತ್ತು ಅನ್ನಿಸುತ್ತಿತ್ತು.

ಒಂದು ವಿಷಯ ಮಾತ್ರ ಓದುವವರ ತಲೆಗೆ ಹೋಗುವುದಿಲ್ಲ ಎಂದು ಆಂಟನಿ ಸರ್ ಹೆದರಿದ್ದರು. ಆ ಭಾಷೆಯಲ್ಲಿ ಪಟ್ಟಿಯ ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಶುರು. ಮೊದಲನೆಯವನ ಸಂಖ್ಯೆ ಸೊನ್ನೆ, ಎರಡನೆಯವನದು ಒಂದು. ನನಗೆ ಇದು ಒಂದು ಕ್ಷಣಕ್ಕೂ ವಿಚಿತ್ರ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಲಗ್ನಪತ್ರಿಕೆ ಹಂಚುವಾಗ ಮೊದಲ ಪತ್ರಿಕೆ ಮನೆದೇವರಿಗೆ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಾದ ಮೇಲೆ ಬರುವ ನೆಂಟರಿಂದ ಒಂದು, ಎರಡು. "ಸೊನ್ನೆ ಅಂದ್ರೆ ದೇವರ ಪತ್ರಿಕೆ ಸರ್" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, "ನಮ್ಮನೇಲೂ ಫಸ್ಟ್ ಕಾರ್ಡ್ ಚರ್ಚಿನ ಆಲ್ಟರ್‌ಗೇ ಮಾ! ಇಷ್ಟು ವರ್ಷ ಇದು ಹೊಳೀಲಿಲ್ವಲ್ಲ ನಂಗೆ" ಎಂದು ಮೇಜು ಗುದ್ದಿದರು. ಅಷ್ಟು ಹೊತ್ತಿಗೆ ನನಗೆ ಕೊಂಬು ಬಂದಿತ್ತು.

ಕೊಂಬು ಮುರಿದದ್ದು ಮರುದಿನ. 'ತೆಗೆ' ಎಂಬ ಆಜ್ಞೆಗೆ ಒಂದು ಚಂದದ ಉದಾಹರಣೆ ಬರೆದಿದ್ದೆ. ಮಾವು, ಹುಣಸೆ, ನೆಲ್ಲಿ, ಸೀಬೆ, ನಿಂಬೆ ಎಂದು ಐದು ಹಣ್ಣುಗಳ ಸಾಲು. ಮೊದಲಿನಿಂದ ಒಂದೊಂದೇ ಹಣ್ಣಿನ ಹತ್ತಿರ ಹೋಗು, ಹುಳಿಯಾದರೆ ತೆಗೆ, ಇಲ್ಲದಿದ್ದರೆ ಬಿಡು. ಮಾವು, ಸೀಬೆ ಉಳಿಯಬೇಕಲ್ಲವೆ? ಉಳಿದದ್ದು ಮಾವು, ನೆಲ್ಲಿ, ಸೀಬೆ. ನೆಲ್ಲಿಕಾಯಿ ಹುಳಿ ಅಲ್ಲವೆಂದು ಹೇಳುವ ಕಂಪ್ಯೂಟರು ಎಲ್ಲಾದರೂ ಉಂಟೆ? ಹತ್ತು ಸಲ ಓಡಿಸಿದೆ. ಹತ್ತು ಸಲವೂ ನೆಲ್ಲಿಕಾಯಿ ಜಾಗ ಬಿಟ್ಟು ಕದಲಲಿಲ್ಲ.

"ಸರ್, ನಿಮ್ಮ ಭಾಷೆ ಕೆಟ್ಟಿದೆ" ಎಂದು ಹೋಗಿ ಜಗಳಕ್ಕೆ ನಿಂತೆ.

ಅವರು ಬಂದು ನನ್ನ ಪರದೆ ನೋಡಿದರು. ತಮ್ಮ ಜೇಬಿನಿಂದ ಐದು ಪೆನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಭಾಷೆ ಸರಿಯಾಗೇ ಇದೆ ಮಾ. ನೋಡು, ನೀನು ಎರಡ್ನೇ ಜಾಗಕ್ಕೆ ಬಂದೆ, ಹುಣಸೆ ಎತ್ತಿದೆ. ಜಾಗ ಖಾಲಿ ಇರ್ಬಾರ್ದಲ್ಲ, ಹಿಂದೆ ಇದ್ದೋರೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದ್ರು. ನೆಲ್ಲಿ ಈಗ ಎರಡ್ನೇ ಜಾಗದಲ್ಲಿ ನಿಂತಿದೆ. ನೀನೇನ್ ಮಾಡ್ದೆ? ಅದರ ಮುಖಾನೂ ನೋಡ್ದೆ ಮೂರ್ನೇ ಜಾಗಕ್ಕೆ ಹೋದೆ. ತೆಗೆದಿದ್ದರ ಪಕ್ಕದಲ್ಲಿ ಯಾರಿದ್ರೋ ಅವರು ಮಿಸ್. ಅಷ್ಟೇ."

ಅವರು ಪೆನ್ನುಗಳನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡು ಹೋದರು. ನಾನು ಮಾತ್ರ ಕೂತಲ್ಲೇ ಕೂತೆ. ಈ ಆಟವನ್ನು ನಾನು ಎಲ್ಲೋ ಆಡಿದ್ದೆ. ಕೆಂಪು ಗಾರೆಯ ನೆಲದ ಮೇಲೆ, ಕೈಯಲ್ಲಿ ಅರಿಶಿನದ ಬಟ್ಟಲು ಹಿಡಿದು.

ಈಗ ನಿಮಗೆ ಹಲಸೂರಿನ ದೊಡ್ಡಮ್ಮನ ಕಥೆ ಹೇಳಬೇಕು. ಅಮ್ಮನ ದೊಡ್ಡಪ್ಪನ ಮಗಳು ಅವರು, ಅಮ್ಮನಿಗಿಂತ ಹಿರಿಯರು. ಪಿಯುಸಿ ಮುಗಿದ ಮೇಲೆ ನನ್ನನ್ನು ಓದಿಸುವುದು ಬೇಡ, ಬಸ್ಸಿನಲ್ಲಿ ಅಷ್ಟು ದೂರ ಹೆಣ್ಣುಮಗಳು ಹೋಗುವುದು ಬೇಡ ಎಂದು ಅಪ್ಪ ಪಟ್ಟು ಹಿಡಿದಾಗ, ದೊಡ್ಡಮ್ಮ ಆಟೋ ಮಾಡಿಕೊಂಡು ನಮ್ಮ ಮನೆಗೇ ಬಂದು ಜಗಲಿಯಲ್ಲಿ ನಿಂತು ಜಗಳವಾಡಿದರು. "ದೂರ ಆದ್ರೆ ನನ್ನ ಮನೇಲಿರ್ತಾಳೆ. ಬಟ್ಟೆ ಕಟ್ಕೊಳ್ಳೇ" ಎಂದರು. ಮೂರು ವರ್ಷ ಅವರ ಮನೆಯಲ್ಲಿದ್ದು ಡಿಗ್ರಿ ಮುಗಿಸಿದೆ. ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದವರೂ ಅವರೇ. ಪಕ್ಕದ ಮನೆಯ ಜಗಲಿಯಲ್ಲಿ ಹೂ ಕಟ್ಟುವ ಸೆಲ್ವಿ ಅಕ್ಕ ದಿನವೂ ನನ್ನ ಜಡೆಗೆ ಒಂದು ತುಂಡು ಮಲ್ಲಿಗೆ ಬಿಸಾಡುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಸುಖದ ದಿನಗಳು ಬೇರೆ ಇಲ್ಲ.

ಓದು ಮುಗಿಸಿ ಊರಿಗೆ ಬಂದ ಬೇಸಿಗೆಯಲ್ಲೇ ಅಕ್ಕನ ಮದುವೆ. ಲಗ್ನಪತ್ರಿಕೆಗೆ ಅರಿಶಿನ ಹಚ್ಚುವ ದಿನ ಓಣಿಯ ಹೆಂಗಸರೆಲ್ಲ ಬಂದಿದ್ದರು. ಹೆಸರು, ವಿಳಾಸ ಬರೆದ ನಲವತ್ತು ಚಿಲ್ಲರೆ ಕವರುಗಳನ್ನು ಪಡಸಾಲೆಯ ಗೋಡೆಯುದ್ದಕ್ಕೂ ಸಾಲಾಗಿ ಜೋಡಿಸಿದ್ದೆವು. ಒಂದೊಂದು ಕವರಿನ ತಲೆಯ ಹತ್ತಿರ ಅಮ್ಮ ರಂಗೋಲಿಯ ಒಂದೊಂದು ಚುಕ್ಕಿ ಇಟ್ಟಿದ್ದಳು. ನಾನು ಒಂದೊಂದೇ ಚುಕ್ಕಿಯ ಮುಂದೆ ಕೂತು, ಕವರಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಹೆಸರು ಕೂಗಬೇಕು. ಅಪ್ಪ ತಮ್ಮ ನೋಟ್‌ಬುಕ್ಕು ನೋಡಿ "ಕೈ" ಅಥವಾ "ಅಂಚೆ" ಅನ್ನುತ್ತಾರೆ. ಕೈ ಅಂದರೆ ಹತ್ತಿರದವರು. ಆ ಕವರನ್ನು ಎತ್ತಿ ಚಿಕ್ಕಪ್ಪನಿಗೆ ಕೊಡಬೇಕು, ಅವನು ಚಿಕ್ಕಮ್ಮನ ಜೊತೆ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯುತ್ತಾನೆ. ಅಂಚೆ ಅಂದರೆ ದೂರದ ಊರಿನವರು. ಕವರು ಸಾಲಿನಲ್ಲೇ ಇರುತ್ತದೆ, ಕೊನೆಗೆ ಉಳಿದ ಎಲ್ಲಕ್ಕೂ ಸ್ಟಾಂಪು ಅಂಟಿಸಿ ಡಬ್ಬಿಗೆ ಹಾಕುವುದು.

ನಾನು ಮೊದಲ ಕವರು ಎತ್ತಿದೆನೋ ಇಲ್ಲವೋ, ನಮ್ಮಜ್ಜಿ ಆ ಖಾಲಿ ಜಾಗ ನೋಡಿ ಎದೆ ಹಿಡಿದುಕೊಂಡರು. "ಮದುವೆ ಸಾಲಲ್ಲಿ ಸಂದು ಬಿಡಬಾರದು ಕಣಮ್ಮಿ, ಮುಚ್ಚು ಮುಚ್ಚು!" ಸರಿ, ಸಾಲಿನುದ್ದಕ್ಕೂ ಕೂತಿದ್ದ ಹೆಂಗಸರೆಲ್ಲ ತಂತಮ್ಮ ಮುಂದಿನ ಕವರುಗಳನ್ನು ಒಂದೊಂದು ಚುಕ್ಕಿ ಸಂದಿನ ಕಡೆಗೆ ಸರಿಸಿದರು. ಅದೇ ಒಂದು ಆಟವಾಯಿತು. ನಾನು ಕವರು ಎತ್ತಿ ಕೊಟ್ಟು, ಬಟ್ಟಲಿಗೆ ಬೆರಳದ್ದಿ ತಲೆ ಎತ್ತುವುದರೊಳಗೆ ಸಾಲು ಸರಿದು ಸಂದು ಮುಚ್ಚಿರುತ್ತಿತ್ತು. ನಾನು ಮಹಾ ಚುರುಕಿನವಳಲ್ಲವೆ, ಮುಂದಿನ ಚುಕ್ಕಿಗೆ ಜರುಗುತ್ತಿದ್ದೆ.

ನಿಮಗೆ ಈಗಾಗಲೇ ಹೊಳೆದಿರಬೇಕು. ನನಗೆ ಹೊಳೆಯಲು ಆರು ವರ್ಷ ಮತ್ತು ಒಂದು ನೆಲ್ಲಿಕಾಯಿ ಬೇಕಾಯಿತು.

ಮದುವೆಗೆ ದೊಡ್ಡಮ್ಮ ಬರಲಿಲ್ಲ. ಅವರ ಮನೆಗೆ ಪತ್ರಿಕೆ ಅಂಚೆಯಲ್ಲಿ ಹೋಗಿತ್ತು. ಎರಡು ಬಸ್ಸಿನ ದಾರಿಯ ಹಲಸೂರಿಗೆ ಸ್ಟಾಂಪು ಹಚ್ಚಿದ ಪತ್ರಿಕೆ! ಅದೂ ಮೂಲೆಗೆ ಅರಿಶಿನವಿಲ್ಲದ್ದು. ಅದೇ ದಿನಗಳಲ್ಲಿ ಚಿಕ್ಕಪ್ಪ ಚಿಕ್ಕಮ್ಮ ಸ್ಕೂಟರಿನಲ್ಲಿ ಬಂದು ಪಕ್ಕದ ಮನೆಯ ಸೆಲ್ವಿ ಅಕ್ಕನಿಗೆ ಕುಂಕುಮ ಕೊಟ್ಟು ಕರೆದು, ದೊಡ್ಡಮ್ಮನ ಬಾಗಿಲ ಕಡೆ ತಿರುಗಿ ಕೂಡ ನೋಡದೆ ಹೋಗಿದ್ದರು. ಅಷ್ಟು ಹತ್ತಿರದವರನ್ನು ಅಣ್ಣ ಅತ್ತಿಗೆಯೇ ಹೋಗಿ ಕರೆಯುತ್ತಾರೆ ಎಂದು ಚಿಕ್ಕಪ್ಪ ಅಂದುಕೊಂಡಿದ್ದ. ಚಿಕ್ಕಪ್ಪ ಕರೆದಿದ್ದಾನೆ ಎಂದು ಅಮ್ಮ ಅಂದುಕೊಂಡಿದ್ದಳು. ದೊಡ್ಡಮ್ಮ ಅಕ್ಕನ ಮದುವೆಗೆಂದೇ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹಸಿರು ರೇಷ್ಮೆ ಸೀರೆ ತೆಗೆದಿದ್ದರಂತೆ. "ಅಂಚೆಯವನು ಕರೆದ ಮದುವೆಗೆ ಅಂಚೆಯವನೇ ಹೋಗ್ಲಿ" ಎಂದು ಮಡಿಸಿ ಟ್ರಂಕಿನಲ್ಲಿಟ್ಟರು.

ಅಪ್ಪನೇ ಮಾಡಿಸಿದ್ದು ಎಂದು ಎಲ್ಲರೂ ತೀರ್ಮಾನಿಸಿದರು. ನನ್ನನ್ನು ಓದಿಸಿದ ಜಗಳದ ಸಿಟ್ಟು ಅವರಿಗೆ ಇದ್ದೇ ಇತ್ತಲ್ಲ. "ನಾನಲ್ಲ" ಎಂದು ಅಪ್ಪ ಒಂದು ಸಲ ಹೇಳಿದರು. ಎರಡನೇ ಸಲ ಹೇಳುವ ಜಾಯಮಾನ ಅವರದಲ್ಲ. ಎಲ್ಲರಿಗಿಂತ ಹೆಚ್ಚು ಅವರನ್ನು ಅನುಮಾನಿಸಿದವಳು ನಾನು. ಎಷ್ಟೋ ತಿಂಗಳು ಅವರ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಒಂದು ಸಲ ಹಲಸೂರಿಗೆ ಹೋದಾಗ ದೊಡ್ಡಮ್ಮ ಗ್ರಿಲ್ಲಿನ ಆಚೆಯಿಂದಲೇ "ನಿನ್ ಮೇಲೇನಿಲ್ಲ ಕಣೇ ಮಂಜುಳಾ, ಆದ್ರೆ ಆ ಮನೆಯೋರು ಯಾರೂ ಬರೋದು ಬೇಡ" ಎಂದರು. ಆಮೇಲೆ ಹೋಗಲು ನನಗೆ ಮುಖವಿರಲಿಲ್ಲ.

ಭಾನುವಾರ ಊರಿನಲ್ಲಿ ಅಪ್ಪನ ಆ ನೋಟ್‌ಬುಕ್ಕಿಗಾಗಿ ಅಟ್ಟ, ಟ್ರಂಕು, ದೇವರ ಗೂಡು ಎಲ್ಲ ಜಾಲಾಡಿದೆ. ಸಿಕ್ಕಿತು! ಸೊನ್ನೆಯ ಜಾಗದಲ್ಲಿ ಮನೆದೇವರು. ಆಮೇಲೆ ಕವರು ಜೋಡಿಸಿದ ಕ್ರಮದಲ್ಲೇ ಹೆಸರುಗಳು. ಕೈಗೆ ಕೊಡಬೇಕಾದವರ ಹೆಸರಿಗೆ ಅಪ್ಪ ಒಂದೊಂದು ಸುತ್ತು ಹಾಕಿದ್ದರು. ಇಪ್ಪತ್ತೆರಡನೆಯದು ಸೆಲ್ವಿ ಅಕ್ಕ, ಸುತ್ತು. ಇಪ್ಪತ್ತಮೂರನೆಯದು ದೊಡ್ಡಮ್ಮ, ಅದಕ್ಕೂ ಸುತ್ತು. ಎರಡು ಸುತ್ತು, ಒಂದರ ಮೇಲೊಂದು, ಒತ್ತಿ ಬರೆದದ್ದು. ಆ ಎರಡು ಸುತ್ತು ನೋಡಿ ನನಗೆ ಅಳು ಬಂತು.

ಸೋಮವಾರ ಆಫೀಸಿನಲ್ಲಿ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದೆ. ಸುತ್ತು ಇದ್ದರೆ ತೆಗೆ, ಮುಂದಿನ ಚುಕ್ಕಿಗೆ ಹೋಗು. ಗುಂಡಿ ಒತ್ತಿದೆ. ಸುತ್ತು ಇದ್ದೂ ಸಾಲಿನಲ್ಲೇ ಉಳಿದುಬಿಟ್ಟವರು ನಾಲ್ಕು ಜನ. ಒಬ್ಬರು ಅಪ್ಪನ ಗೆಳೆಯ, "ನನ್ನನ್ನೇನು ಹೊರದೇಶದವನು ಅಂದ್ಕೊಂಡ್ರಾ, ಪೋಸ್ಟಲ್ಲಿ ಕಳ್ಸಿದೀರಿ" ಎಂದು ಮದುವೆಯ ದಿನ ತಮಾಷೆ ಮಾಡಿದ್ದವರು. ಇನ್ನಿಬ್ಬರು ಓಣಿಯವರೇ, ಅವರೂ ಹೀಗೇ ನಕ್ಕು ಸುಮ್ಮನಾಗಿದ್ದರು. ನಾಲ್ಕನೆಯವರು ದೊಡ್ಡಮ್ಮ. ಒಂದು ಹೆಸರೂ ಹೆಚ್ಚಿಲ್ಲ, ಒಂದು ಹೆಸರೂ ಕಡಿಮೆಯಿಲ್ಲ! ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತು ಕಿರುಚಿದೆನಂತೆ.

"ಏನ್ಮಾ, ಲಾಟರಿ ಹೊಡೀತಾ?" ಎಂದು ಆಂಟನಿ ಸರ್ ಓಡಿಬಂದರು.

"ಇಲ್ಲ ಸರ್! ಕಳ್ಳಿ ಸಿಕ್ಕಿದ್ಲು. ನಾನೇ ಸರ್, ನಾನೇ!"

ಅಂಥ ಖುಷಿಯಲ್ಲಿ ತನ್ನ ತಪ್ಪು ಒಪ್ಪಿಕೊಂಡವರು ನನ್ನನ್ನು ಬಿಟ್ಟರೆ ಇನ್ನೊಬ್ಬರು ಇರಲಾರರು. ಖುಷಿ ಇಳಿದದ್ದು ಸಂಜೆ, ಅಪ್ಪನ ಮುಂದೆ ಕೂತಾಗ. ಚುಕ್ಕಿ, ಸಂದು, ಸುತ್ತು ಎಲ್ಲವನ್ನೂ ಹೇಳಿದೆ. ಅಪ್ಪ ಅವರೆಕಾಯಿ ಸುಲಿಯುತ್ತಲೇ ಕೇಳಿಸಿಕೊಂಡರು.

"ಆರು ವರ್ಷದ ಹಿಂದೆ ನಾನು ಹೇಳಿದ್ದೂ ಅದೇ ಅಲ್ವಾ?" ಎಂದರು.

"ಏನು ಹೇಳಿದ್ರಿ ನೀವು?"

"ನಾನಲ್ಲ ಅಂತ."

ಆಮೇಲೆ ಬಹಳ ಹೊತ್ತು ನಾನೂ ಅವರೆಕಾಯಿ ಸುಲಿದೆ.

ಮರುದಿನ ಮಧ್ಯಾಹ್ನ ಆಂಟನಿ ಸರ್ ತಾವಾಗಿಯೇ ರಜೆ ಕೊಟ್ಟರು. ನೋಟ್‌ಬುಕ್ಕು ಹಿಡಿದು ಹಲಸೂರಿಗೆ ಹೋದೆ. ಗ್ರಿಲ್ಲು ಹಾಕಿತ್ತು. ದೊಡ್ಡಮ್ಮ ಒಳಗೆ ನಿಂತಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಂಪ್ಯೂಟರು, ಪಟ್ಟಿ ಎಂದು ಶುರು ಮಾಡಿದೆ. ಅವರು ಮುಖ ತಿರುಗಿಸಿದರು. ಪಕ್ಕದ ಜಗಲಿಯಲ್ಲಿ ಸೆಲ್ವಿ ಅಕ್ಕ ಹೂ ಕಟ್ಟುತ್ತಿದ್ದರು. ಅವರ ಬುಟ್ಟಿಗೆ ಕೈ ಹಾಕಿ, ದೊಡ್ಡಮ್ಮನ ಬಾಗಿಲ ಮುಂದೆಯೇ ನೆಲದ ಮೇಲೆ ಕೂತುಬಿಟ್ಟೆ. ಸೀಮೆಸುಣ್ಣದಿಂದ ಚುಕ್ಕಿ ಇಟ್ಟೆ. ಚುಕ್ಕಿಗೊಂದು ಹೂ. ಮಲ್ಲಿಗೆ ಅಂದರೆ ಅಂಚೆ, ಕನಕಾಂಬರ ಅಂದರೆ ಕೈ. ಎರಡು ಕನಕಾಂಬರಗಳನ್ನು ಬೇಕೆಂದೇ ಅಕ್ಕಪಕ್ಕ ಇಟ್ಟೆ. "ಅಕ್ಕಾ, ನಾನು ಎತ್ತಿದ ಕೂಡ್ಲೇ ನೀವು ಸಂದು ಮುಚ್ಬೇಕು."

"ಇದೇನ್ ಮಾ ಆಟ, ಚಿಕ್ ಮಕ್ಳ ತರ" ಎನ್ನುತ್ತ ಸೆಲ್ವಿ ಅಕ್ಕ ಕೂತರು. ಒಂದು ಕನಕಾಂಬರ ಎತ್ತಿದೆ. ಅವರು ಹೂಗಳನ್ನು ಸರಿಸಿದರು. ನಾನು ಮುಂದಿನ ಚುಕ್ಕಿಗೆ ಹೋದೆ. ಕೊನೆಗೆ ನೋಡಿದರೆ ಬಿಳಿ ಸಾಲಿನ ನಡುವೆ ಒಂದು ಕನಕಾಂಬರ ಹಾಗೇ ಉಳಿದಿತ್ತು.

ಗ್ರಿಲ್ಲಿನ ಒಳಗಿನಿಂದ ಧ್ವನಿ ಬಂತು. "ಇನ್ನೊಂದ್ಸಲ ಮಾಡು."

ಮಾಡಿದೆವು. ಮೂರನೇ ಸಲಕ್ಕೆ ಚಿಲಕದ ಸದ್ದಾಯಿತು, ದೊಡ್ಡಮ್ಮ ಹೊರಗೆ ಬಂದು ಬಗ್ಗಿ ನಿಂತರು.

"ಉಳಿದಿರೋ ಈ ಹೂವು ನಾನಾ?"

"ಹೂಂ ದೊಡ್ಡಮ್ಮ."

"ನನ್ನ ಪಕ್ಕದಿಂದ ಎತ್ತಿದ್ದು ಸೆಲ್ವಿ?"

"ಹೂಂ."

"ಬಿಟ್ಟು ಮುಂದಕ್ಕೆ ಹೋದೋಳು?"

"ನಾನೇ."

ನೋಟ್‌ಬುಕ್ಕು ತೆರೆದು ಅಪ್ಪನ ಎರಡು ಸುತ್ತು ತೋರಿಸಿದೆ. ಅವರು ಬೆರಳಿನಿಂದ ಅದರ ಮೇಲೆ ಸುತ್ತಿ ಸುತ್ತಿ ನೋಡಿದರು. "ಅಯ್ಯೋ, ಆರು ವರ್ಷ ಆ ಮನುಷ್ಯನ್ನ ಬೈದೆನಲ್ಲೇ!"

"ಸುಮ್ನೆ ಬೈದ್ರಾ? ಡೈಲಿ ಬೈದ್ರು" ಎಂದರು ಸೆಲ್ವಿ ಅಕ್ಕ. "ನಂಗೇ ಪಾಪ ಅನ್ಸೋದು."

ದೊಡ್ಡಮ್ಮ ಒಳಗೆ ಹೋದರು. ಟ್ರಂಕು ತೆಗೆದ ಸದ್ದು. ಹಳದಿಗಟ್ಟಿದ ಆ ಕವರನ್ನೂ ಅರಿಶಿನದ ಬಟ್ಟಲನ್ನೂ ತಂದು ನನ್ನ ಮುಂದೆ ಇಟ್ಟು, ಹೊಸ್ತಿಲ ಒಳಗೆ ನೆಟ್ಟಗೆ ನಿಂತರು. "ಹಚ್ಚು. ನಾಲ್ಕೂ ಮೂಲೆಗೆ. ಹಚ್ಚಿ ಕೈಗೆ ಕೊಟ್ಟು ಕರಿ, ಹೆಂಗ್ ಕರೀಬೇಕೋ ಹಂಗೆ."

ಹಚ್ಚಿದೆ. ಅಕ್ಕನಿಗೆ ಆಗಲೇ ಎರಡು ಮಕ್ಕಳು. ಆದರೂ ಹಳೆಯ ಸ್ಟಾಂಪಿದ್ದ ಆ ಪತ್ರಿಕೆಯನ್ನು ಎರಡು ಕೈಯಿಂದ ಹಿಡಿದು, "ದೊಡ್ಡಮ್ಮ, ಅಕ್ಕನ ಮದುವೆ. ನೀವು ಖಂಡಿತ ಬರಬೇಕು" ಎಂದೆ. ಅವರು ಎರಡೂ ಕೈ ಚಾಚಿ ತೆಗೆದುಕೊಂಡರು.

ಕೈಪಿಡಿಗೆ ಆ ವಾರವೇ ಒಂದು ಎಚ್ಚರಿಕೆ ಸೇರಿಸಿದೆ. ಸಾಲಿನಿಂದ ಒಂದೊಂದನ್ನೇ ತೆಗೆಯುತ್ತ ಹೋಗುವುದಾದರೆ ಮೊದಲಿನಿಂದ ಹೋಗಬೇಡಿ, ಕೊನೆಯಿಂದ ಬನ್ನಿ. ಆಗ ಸರಿಯುವವರೆಲ್ಲ ನೀವು ಆಗಲೇ ನೋಡಿದವರೇ ಆಗಿರುತ್ತಾರೆ, ಯಾರೂ ತಪ್ಪಿಹೋಗುವುದಿಲ್ಲ. ನನ್ನ ಇಡೀ ಪುಸ್ತಕದಲ್ಲಿ ಆಂಟನಿ ಸರ್ ಒಂದು ಅಕ್ಷರವನ್ನೂ ತಿದ್ದದ ವಾಕ್ಯ ಅದೊಂದೇ.

ಆ ಭಾನುವಾರ ದೊಡ್ಡಮ್ಮ ನಮ್ಮೂರಿಗೆ ಬಂದರು. ಹಸಿರು ರೇಷ್ಮೆ ಸೀರೆ ಉಟ್ಟಿದ್ದರು, ಆರು ವರ್ಷದ ಮಡಿಕೆಗಳು ಗೆರೆ ಗೆರೆಯಾಗಿ ಕಾಣುತ್ತಿದ್ದವು. ಅಕ್ಕ ಭಾವ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಜಗಲಿಯಲ್ಲಿ ಅಪ್ಪ ನಿಂತಿದ್ದರು.

"ನಾರಾಯಣಪ್ಪ, ನಾನಲ್ಲ ಅಂತ ಒಂದ್ಮಾತು ಬಂದು ಹೇಳ್ಬಾರ್ದಿತ್ತಾ?"

"ಬಂದಿದ್ರೆ ಬಾಗ್ಲು ತೆಗೀತಿದ್ಯಾ ಅಕ್ಕ?"

ದೊಡ್ಡಮ್ಮ ಯೋಚಿಸಿದರು. "ಇಲ್ಲ" ಎಂದರು. ಇಬ್ಬರೂ ನಕ್ಕರು.

ಪಡಸಾಲೆಯಲ್ಲಿ ಎಲೆ ಹಾಕಿತ್ತು, ಆ ಕವರುಗಳಿದ್ದ ಗೋಡೆಯುದ್ದಕ್ಕೇ. ಎಲ್ಲರೂ ಮೊದಲ ಎಲೆಗೆ ಕರೆದರೂ ದೊಡ್ಡಮ್ಮ ಹೋಗಿ ಕಟ್ಟಕಡೆಯ ಎಲೆಯ ಮುಂದೆ ಕೂತರು. "ಕೊನೆಯಿಂದ ಬನ್ನಿ ಅಂತ ಪುಸ್ತಕ ಬರೆದೋಳು ಎಲ್ಲಿಂದ ಬರ್ತಾಳೋ ನೋಡ್ಬೇಕು" ಎಂದರು. ನಾನು ಒಬ್ಬಟ್ಟಿನ ತಟ್ಟೆ ಹಿಡಿದು ಅಪ್ಪನನ್ನು, ಭಾವನನ್ನು, ಎಲ್ಲರನ್ನೂ ದಾಟಿ ನೇರವಾಗಿ ಅವರ ಎಲೆಯ ಹತ್ತಿರ ಹೋದೆ. ಮೊದಲ ಒಬ್ಬಟ್ಟು ಅವರಿಗೆ ಹಾಕಿ ತುಪ್ಪ ಸುರಿದೆ. ಅವರು ಎಲೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಮದುವೇಲೂ ಒಬ್ಬಟ್ಟೇ ಮಾಡಿದ್ರಾ?"

"ಹೂಂ ದೊಡ್ಡಮ್ಮ."

"ಹಂಗಾದ್ರೆ ಇನ್ನೊಂದು ಹಾಕು" ಎಂದರು. "ಅದು ಮದುವೇದು."